ಹದಿನಾಲ್ಕು ಪಿನ್ನು

ದಿನಕ್ಕೆ ಹದಿನಾಲ್ಕು ಪಿನ್ನು, ಮೂವತ್ತಾರು ವರ್ಷ
ಕಚ್ಚಿ ಹಿಡಿದಿದ್ದವು ಈ ತಲೆಯನ್ನು.
ಈಗ ಒಂದು ಬ್ರೆಡ್ಡಿನ ಚೀಲದ ಬಾಯಿಗೆ,
ಒಂದು ಗ್ಯಾಸಿನ ಬಿಲ್ಲಿಗೆ,
ಒಂದು ಸಿಂಕಿನ ತೂತು ಕೆದಕಲಿಕ್ಕೆ.
ಉಳಿದವು ಎಲ್ಲಿ ಹೋದವೋ, ಕೇಳಿದವರಿಲ್ಲ.

ಸಂಡರ್‌ಲ್ಯಾಂಡಿನ ಗಾಳಿಗೂ ಸುದ್ದಿ ಮುಟ್ಟಿದೆ:
ರೋಕರ್ ಕಡಲದಂಡೆಯಿಂದ ಮೆಟ್ಟಿಲು ಹತ್ತಿ ಬಂದು
ಮೊದಲು ನನ್ನ ತಲೆಗೇ ಕೈ ಹಾಕುತ್ತದೆ,
ಸಲಿಗೆ ಕೊಟ್ಟ ಮೊಮ್ಮಗುವಿನ ಹಾಗೆ.

ಬಣ್ಣ ಹಚ್ಚುವುದು ಬಿಟ್ಟದ್ದು ಮಾರ್ಚಿನಲ್ಲಿ.
ಬೈತಲೆಯ ಎರಡೂ ಬದಿಗೆ ಬಿಳಿ ಇಳಿಯಿತು
ಹಾಲು ಉಕ್ಕಿ ಪಾತ್ರೆಯ ಮೈಮೇಲೆ ಇಳಿದಂತೆ;
ಒರೆಸಲು ನಾನು ಏಳಲಿಲ್ಲ.
ಇಸ್ತ್ರಿಪೆಟ್ಟಿಗೆ ಕಪಾಟಿನಲ್ಲಿ ಮೂತಿ ಮೇಲೆತ್ತಿ ಮುನಿದು ನಿಂತಿದೆ.
ಬ್ರಾ ಎಂಬ ಸೇತುವೆ ಕಾಮಗಾರಿ ಶುಕ್ರವಾರ ಮಾತ್ರ,
ಚರ್ಚಿನ ಊಟಕ್ಕೆ.
ಉಳಿದ ದಿನ ತೀರಿಹೋದವನ ಕಾರ್ಡಿಗನ್ನು,
ಮೊಣಕೈಯಲ್ಲಿ ಅವನದೇ ತೂತು,
ಕಿಸೆಯಲ್ಲಿ ಅವನದೇ ಪೆಪ್ಪರ್‌ಮೆಂಟಿನ ಕಾಗದ.

ಪಕ್ಕದ ಮನೆಯ ಡೋರೀನ್, ಬ್ಯಾಂಕಿನ ಮ್ಯಾನೇಜರು,
ಎತ್ತರದ ಹಿಮ್ಮಡಿಯ ಟಕಟಕದಿಂದ
ಬೀದಿಗೆಲ್ಲ ಏಳೂವರೆ ಹೊಡೆಯುತ್ತಿದ್ದವಳು,
ಮಧ್ಯಾಹ್ನ ಹನ್ನೆರಡಕ್ಕೆ ನೈಟಿಯಲ್ಲಿ
ಕಸದ ಬಿನ್ನು ಎಳೆದು ತರುತ್ತಾಳೆ.
ನನ್ನ ನೋಡಿ ಅವಳು, ಅವಳ ನೋಡಿ ನಾನು,
ಒಟ್ಟಿಗೇ ಸಿಕ್ಕಿಬಿದ್ದ ಕಳ್ಳಿಯರು,
ನಕ್ಕು ಮುಚ್ಚಳ ಬಡಿಯುತ್ತೇವೆ.

ಹೇಳಬೇಕಾದದ್ದು ಇದಲ್ಲ.

ವಾರ್ಡಿನಲ್ಲಿ ನಾನು ಸಿಸ್ಟರ್ ಹಿರೇಕೊಪ್ಪ.
ಅವರ ನಾಲಿಗೆಯಿಂದ ಹಿರೇ ಉದುರಿಬಿದ್ದು
ಕೊಪ್ಪ ಕಾಪರ್ ಆಗಿ,
ಬೆನ್ನ ಹಿಂದೆ ನಾನು ಕಾಪರ್, ಅಂದರೆ ಪೊಲೀಸಪ್ಪ.
ಸರಿಯಾಗಿಯೇ ಇಟ್ಟಿದ್ದರು.
ಬೆಟಗೇರಿಯಲ್ಲಿ ನನಗೆ ಕಲಿಸಿದವರು
ಉಗುರಿಗೆ ಬೆತ್ತದ ರುಚಿ ತೋರಿಸಿದವರು.
ಮತ್ತೆ ಇಲ್ಲಿ, ಈ ಬಣ್ಣದ ಕೈ ಮುಟ್ಟುವುದು ಬೇಡ
ಅಂತ ಗೋಡೆಗೆ ತಿರುಗಿ ಮಲಗಿದ ಮುದುಕರಿದ್ದರು.
ಅವರ ಕಣ್ಣಿಗೆ ನನ್ನಲ್ಲಿ ಒಂದು ಸುಕ್ಕೂ ಸಿಗಕೂಡದಿತ್ತು.
ಹದಿನಾಲ್ಕರಲ್ಲಿ ಎಷ್ಟು ಪಿನ್ನು ಅವರ ಸಲುವಾಗಿ,
ಎಷ್ಟು ನನ್ನ ಸಲುವಾಗಿ, ಎಣಿಸಿಲ್ಲ.

ಎಂಬತ್ತೊಂಬತ್ತರಲ್ಲಿ ಲೆಸ್ಲಿ ಅಂತ ಹುಡುಗಿ,
ಕೆಂಚುಗೂದಲು, ಕಿವಿಯ ಹಿಂದೆ ಸದಾ ಒಂದು ಎಳೆ ಸಡಿಲು.
ಎಲ್ಲರೆದುರು ಅಂದೆ:
“ಗಾಯಕ್ಕೆ ಮುಲಾಮು ಹಚ್ಚುತ್ತೀಯೋ, ಕೂದಲು ಬಡಿಸುತ್ತೀಯೋ?”
ಲಿನನ್ ಕೋಣೆಯಲ್ಲಿ ಅವಳು ಅತ್ತದ್ದು ಕೇಳಿಸಿತ್ತು.
ಬಾಗಿಲ ತನಕ ಹೋಗಿ ವಾಪಸು ಬಂದಿದ್ದೆ.

ಮೊನ್ನೆ ಬಸ್ಸಿನಲ್ಲಿ ಎದುರು ಸೀಟಿಗೆ ಬಂದು ಕುಂತಳು.
ಗಾಢ ನೀಲಿ ಯೂನಿಫಾರ್ಮು,
ಎದೆಗೆ ತಲೆಕೆಳಗಾಗಿ ತೂಗುವ ಗಡಿಯಾರ,
ನರೆತ ಕೆಂಚಿನ ತುರುಬು, ಒಂದೆಳೆಯೂ ಆಚೀಚೆ ಇಲ್ಲ.
ನನ್ನ ಒಂದು ಕಾಲಿಗೆ ಕರಿ ಚೀಲ, ಒಂದಕ್ಕೆ ಹಸಿರು.
ನೋಡಿದಳು. ನೋಡುವುದು ನಾನೇ ಕಲಿಸಿದ್ದು:
ಮೊದಲು ಕಣ್ಣು, ಆಮೇಲೆ ಕೈ, ಆಮೇಲೆ ಪಾದ.
ಬಗ್ಗಿ, ನನ್ನ ಬಿಚ್ಚಿದ ಲೇಸು ಕಟ್ಟುತ್ತ ಕೇಳಿದಳು:
“ಮನೆ ಎಲ್ಲಿ, ಚಿನ್ನ? ನೀವು ಹೊರಗೆ ಬಂದದ್ದು
ಮನೆಯಲ್ಲಿ ಯಾರಿಗಾದರೂ ಗೊತ್ತಾ?”

ಯಾರಿಗೆ? ಇಸ್ತ್ರಿಪೆಟ್ಟಿಗೆಗೆ?
ಹೆಸರು ನಾಲಿಗೆಯ ತುದಿಗೆ ಬಂತು,
ಹಿರೇ, ಕೊಪ್ಪ, ಎರಡೂ ತುಂಡು ಕೂಡಿ.
ಹೇಳಿದ್ದರೆ ತಟ್ಟನೆ ಎದ್ದು ನಿಲ್ಲುತ್ತಿದ್ದಳು,
ಗಂಟು ಅರ್ಧಕ್ಕೇ ಉಳಿಯುತ್ತಿತ್ತು.

ಆಗ ಕಂಡಿತು, ಬಗ್ಗಿದ ಕುತ್ತಿಗೆಯ ಮೇಲೆ,
ಕಾಲರಿನ ಅಂಚಿಗೆ, ಒಂದು ಎಳೆ.
ಕೈ ತಾನಾಗಿ ಎದ್ದಿತ್ತು.
ಹಿಡಿದು ಕಾರ್ಡಿಗನ್ನಿನ ಕಿಸೆಗೆ ಇಳಿಸಿದೆ.
ಅಲ್ಲಿ, ಪೆಪ್ಪರ್‌ಮೆಂಟಿನ ಕಾಗದದ ಪಕ್ಕ,
ಕಳೆದುಹೋದದ್ದೊಂದು ಪಿನ್ನು ಚುಚ್ಚಿತು.

“ಮುಂದಿನ ಸ್ಟಾಪು,” ಅಂದೆ, “ನಾನೇ ಇಳಿದೇನು.”

ಎರಡು ಗಂಟು ಹಾಕಿದ್ದಳು, ಬಿಗಿ, ವಾರ್ಡಿನ ಗಂಟು.
ಇನ್ನೂ ಬಿಚ್ಚಿಲ್ಲ.
ಹಿಂಭಾಗ ತುಳಿದು ಶೂವಿಗೆ ಹಾಗೇ ಕಾಲು ತೂರಿಸಿ
ಡೋರೀನಳ ಜೊತೆ ಬಿನ್ನಿನ ತನಕ ಹೋಗಿ ಬರುತ್ತೇನೆ.